ಕಿಟಕಿಗೆ ಕಾಣುವಷ್ಟು ತೋಟ

ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಚುಕ್ಕಿ ಇಟ್ಟಾಗಿತ್ತು, ಎಳೆ ಇನ್ನೂ ಅರ್ಧ ಉಳಿದಿತ್ತು. ಒಳಗೆ ಸ್ಟೀಲ್ ಲೋಟಕ್ಕೆ ಚಮಚ ಬಡಿದ ಸದ್ದಾಯಿತು. ನನ್ನ ಗಂಡ ವಾದಿರಾಜರು ಈಗ ನನ್ನನ್ನು ಕರೆಯುವುದು ಹಾಗೆ. ಕೂಗುವಷ್ಟು ಉಸಿರು ಅವರಲ್ಲಿ ಉಳಿದಿಲ್ಲ. ಪುಡಿ ಮೆತ್ತಿದ ಕೈಯಲ್ಲೇ ಎದ್ದು ಹೋದೆ.

"ಆ ಪರದೆ ಸರ್ಸು," ಅಂದರು.

"ಬೆಳಕು ಕಣ್ಣಿಗೆ ಚುಚ್ಚತ್ತೆ ಅಂತ ನೀವೇ ಹಾಕ್ಸಿದ್ದಲ್ವಾ?"

"ಅದು ಹೋದ ವಾರ. ಗೋಡೆ ನೋಡಿ ನೋಡಿ ಸಾಕಾಯ್ತು. ಆ ಬಿರುಕಲ್ಲಿ ನಿಮ್ಮಣ್ಣನ ಮುಖ ಕಾಣಕ್ಕೆ ಶುರುವಾಗಿದೆ."

ಪರದೆ ಸರಿಸಿದೆ. ಕಾರ್ತಿಕ ಮುಗಿಯುತ್ತಾ ಬಂದಿತ್ತು. ತ್ಯಾಗರಾಜನಗರದ ನಮ್ಮ ಮನೆಯ ಮುಂದೆ, ಕಿಟಕಿಗೂ ಕಾಂಪೌಂಡಿಗೂ ನಡುವೆ, ಒಂದು ಸ್ಕೂಟರು ಅಡ್ಡ ನಿಲ್ಲಿಸುವಷ್ಟು ಅಗಲದ ಮಣ್ಣಿನ ಪಟ್ಟಿ ಇದೆ. ಅದರಲ್ಲಿ ಎಲೆ ಉದುರಿಸಿಕೊಂಡ ದೇವಕಣಗಿಲೆ, ತೆನೆಯೆಲ್ಲ ಕಂದಾಗಿ ಕಡ್ಡಿ ಎದ್ದ ತುಳಸಿ, ಬಿಳಿ ಹುಳ ಹತ್ತಿದ ಒಂದು ದಾಸವಾಳ. ಆಸ್ಪತ್ರೆಗೆ ಓಡಾಡುವ ಗಡಿಬಿಡಿಯಲ್ಲಿ ಬೇಸಿಗೆಯಿಂದ ಯಾರೂ ಅವುಗಳ ಕಡೆ ತಿರುಗಿ ನೋಡಿರಲಿಲ್ಲ.

ಅವರು ಬಹಳ ಹೊತ್ತು ನೋಡಿದರು.

"ನನಗಿಂತ ಕಡೆಯಾಗಿದೆ ಅದರ ಗತಿ," ಅಂದರು. "ಚಳಿಗಾಲ ಪೂರ್ತಿ ಇದನ್ನೇ ನೋಡ್ಕೊಂಡಿರ್ಬೇಕಾ?"

ಚಳಿಗಾಲ ಪೂರ್ತಿ ಎಂದದ್ದು ಸುಮ್ಮನೆ ಬಂದ ಮಾತಲ್ಲ. ದಸರೆ ಕಳೆದ ಮೇಲೆ ಆಸ್ಪತ್ರೆಯ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಿದ್ದರು. ಹೊಟ್ಟೆಯಲ್ಲಿ ಶುರುವಾದದ್ದು ಲಿವರಿಗೂ ಹರಡಿದೆ, ಇನ್ನು ಕೀಮೊ ಕೊಟ್ಟರೆ ಸಂಕಟ ಹೆಚ್ಚುತ್ತದೆ, ಆಯುಸ್ಸು ಹೆಚ್ಚುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಎಷ್ಟು ದಿನ ಎಂದು ಇವರೇ ಕೇಳಿದರು. ಈ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ತಮ್ಮ ಪೆನ್ನನ್ನು ನೋಡುತ್ತಾ ಹೇಳಿದರು.

ಆಟೋದಲ್ಲಿ ವಾಪಸ್ ಬರುವಾಗ ನಾನು ಕೇಳಿದ್ದು ಒಂದೇ. "ಮಧುರಾಗೆ ಏನು ಹೇಳೋದು?"

ಮಧುರಾ ನಮ್ಮ ಒಬ್ಬಳೇ ಮಗಳು. ನಾಲ್ಕನೇ ಕ್ಲಾಸು.

"ಅವಳಾಗಿ ಕೇಳೋವರೆಗೂ ಏನೂ ಹೇಳ್ಬೇಡ," ಅಂದರು. "ಅವಳು ಹೊರೋಕಾಗದೇ ಇರೋದನ್ನ ನಾವೇ ತಲೆ ಮೇಲೆ ಹಾಕೋದು ಬೇಡ. ಆದ್ರೆ ಕೇಳಿದ ದಿನ ಸುಳ್ಳು ಹೇಳ್ಬೇಡ. ನಾನಿರೋವಾಗ್ಲೇ ಕೇಳಿದ್ರೆ ಚೆನ್ನಾಗಿತ್ತು. ನಾನೇ ಹೇಳ್ಬೋದು. ಆಮೇಲೆ ನಿನ್ನೊಬ್ಬಳ ಮೇಲೆ ಬೀಳತ್ತೆ."

ಅಂದಿನಿಂದ ಮಗಳು ಬಾಯಿ ತೆರೆದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ಅವಳು ಆ ಪ್ರಶ್ನೆಯ ಸುತ್ತಲೂ ನಡೆಯುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಆಸ್ಪತ್ರೆ ಮಂಚ ಮನೆಗೆ ಬಂದ ದಿನ ಅದರ ಹಿಡಿಯನ್ನು ತಿರುಗಿಸಿ, ತಲೆಯ ಕಡೆ ಏಳುವುದನ್ನೂ ಇಳಿಯುವುದನ್ನೂ ನೋಡಿದಳು. ಆಮೇಲೆ ಜಡೆಗೆಂದು ನನ್ನ ಮುಂದೆ ಕೂತು ಕೇಳಿದಳು.

"ಇದು ನಮ್ದಾ?"

"ಇಲ್ಲ, ಬಾಡಿಗೇದು."

"ಯಾವಾಗ ವಾಪಸ್ ಕೊಡ್ಬೇಕು?"

ತಲೆ ಬಾಚುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. "ಅಪ್ಪಂಗೆ ಬೇಡ ಅಂದಾಗ," ಅಂದೆ.

ಮುಂದಿನದು ಬರುತ್ತದೆ ಎಂದು ನಾನು ಕಾದೆ. "ಜಡೆ ಬಿಗಿಯಾಯ್ತು, ಸಡಿಲ ಮಾಡು," ಅಂದಳು.

ಪರದೆ ಸರಿಸಿದ ಆ ದಿನವೇ ನಾನು ತೋಟದ ಕೆಲಸ ಹಿಡಿದೆ. ಬೇರೆ ಯಾವುದೂ ನನ್ನ ಕೈಯಲ್ಲಿರಲಿಲ್ಲ. ಮಾತ್ರೆ ಕೊಡಬಹುದಿತ್ತು, ಬೆನ್ನು ಒರೆಸಬಹುದಿತ್ತು, ಗಂಜಿ ಸೋಸಬಹುದಿತ್ತು. ನಾಳೆ ನಿನ್ನೆಗಿಂತ ಚೆನ್ನಾಗಿರುವಂಥದ್ದು ಏನಾದರೂ ಈ ಮನೆಯಲ್ಲಿ ಇರಬೇಕು ಅನ್ನಿಸಿತ್ತು.

ವಾದಿರಾಜರು ಕಟ್ಟಡ ಕಟ್ಟುವವರ ಆಫೀಸಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಹಾಗಾಗಿ ಮಲಗಿದಲ್ಲಿಂದಲೇ ಮೇಸ್ತ್ರಿಯಾದರು.

"ನೀನು ನಿಂತ್ಕೊಂಡು ನೋಡಿ ಗಿಡ ಇಡ್ತೀಯ. ನಾನು ನೋಡೋದು ಮಲ್ಕೊಂಡು. ಮೊದ್ಲು ಇಲ್ಲಿ ಬಂದು ಮಲ್ಕೋ," ಅಂದರು.

ಸ್ನಾನಕ್ಕೆಂದು ಅವರನ್ನು ಕುರ್ಚಿಗೆ ಇಳಿಸಿದಾಗ ನಾನು ಮಂಚದ ಮೇಲೆ ಮಲಗಿದೆ. ಮಧುರಾ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು. "ಅಮ್ಮ ಪೇಶೆಂಟು," ಅಂದಳು. ದಿಂಬಿನಲ್ಲಿ ಅವರ ತಲೆಯ ಗುಳಿ ಹಾಗೇ ಇತ್ತು. ಅಲ್ಲಿಂದ ನೋಡಿದರೆ ನೆಲ ಕಾಣುವುದೇ ಇಲ್ಲ. ಕಿಟಕಿಯ ಕಟ್ಟೆಯಿಂದ ಮೇಲೆ ಹಳೆಯ ಗಿಡಗಳ ತುದಿ, ಕಾಂಪೌಂಡಿನ ತಲೆ, ಎದುರು ಮನೆಯ ನೀರಿನ ಟ್ಯಾಂಕು, ವೈರುಗಳು, ಇಷ್ಟೇ. ನಾನು ನೆಲದಲ್ಲಿ ಏನು ನೆಟ್ಟಿದ್ದರೂ ಅವರ ಪಾಲಿಗೆ ಅದು ಇರುತ್ತಿರಲಿಲ್ಲ.

ಆದ್ದರಿಂದ ತೋಟವನ್ನು ಎತ್ತರಿಸಬೇಕಾಯಿತು. ಹಿಂದಿನ ಸಂದಿಯಲ್ಲಿ ಬಿದ್ದಿದ್ದ ಇಟ್ಟಿಗೆ, ಹಳೆಯ ಕಬ್ಬಿಣದ ಸ್ಟೂಲು, ನೀರೊಲೆ ಇದ್ದ ಕಾಲದ ಒಂದು ಹಲಗೆ, ಎಲ್ಲ ಮುಂದೆ ಬಂದವು. ಅವರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿದು ಅಳತೆ ಹೇಳುತ್ತಿದ್ದರು. ಮಧುರಾ ಕಿಟಕಿಯ ಸರಳು ಹಿಡಿದುಕೊಂಡು ಅದನ್ನು ನನಗೆ ದಾಟಿಸುತ್ತಿದ್ದಳು.

"ಎಡಕ್ಕೆ, ಅಮ್ಮ. ಅಪ್ಪ ಹೇಳ್ತಿದಾರೆ ನಿನ್ನ ಎಡಕ್ಕಲ್ಲ, ಅವ್ರ ಎಡಕ್ಕೆ."

"ನಿಮ್ಮಪ್ಪಂಗೆ ಹೇಳು, ಇಟ್ಟಿಗೆ ಹೊರೋದು ಅವ್ರಲ್ಲ ಅಂತ."

"ಕೇಳಿಸ್ತಂತೆ. ಕೂಲಿ ಕೊಡಲ್ವಂತೆ."

ಹೂವನ್ನು ನೆಚ್ಚಿಕೊಳ್ಳಬೇಡ ಎಂಬುದು ಅವರ ಮೊದಲ ಮಾತು. ಹೂವು ಬಂದು ಹೋಗುತ್ತದೆ, ಮೊದಲು ಎಲೆ ಇಡು, ಎಲೆ ಚೆನ್ನಾಗಿದ್ದರೆ ಹೂವಿಲ್ಲದ ದಿನವೂ ನೋಡಬಹುದು ಅಂದರು. ಹಾಗಾಗಿ ಹಿಂದಿನ ಸಾಲಿಗೆ ಹಳದಿ ಕೆಂಪು ಕ್ರೋಟನ್, ಮೂಲೆಗೆ ಬೂದಿ ಬಣ್ಣದ ಎಲೆಯ ಒಂದು ಪೊದೆ. ಮಾಗಿಯ ಬಿಸಿಲು ಎದುರಿನ ಮನೆಗಳನ್ನು ದಾಟಿ ನಮ್ಮಲ್ಲಿಗೆ ಬರುವುದು ಓರೆಯಾಗಿ, ತಡವಾಗಿ. ಅದು ಬೀಳುವ ಮೂಲೆಯನ್ನು ಹೂವಿಗೆ ಬಿಟ್ಟೆವು.

ಯಾವ ಹೂವು ಎಂಬುದು ಬೇರೆ ತಲೆನೋವು. ನಮ್ಮ ರಸ್ತೆಯಲ್ಲಿ ಬೆಳಗಿನ ವಾಕಿಂಗಿಗೆ ಹೊರಟವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ತುದಿ ಬಾಗಿದ ಒಂದು ಕೋಲು ಇದ್ದೇ ಇರುತ್ತದೆ. ಕಾಂಪೌಂಡಿನಿಂದ ಆಚೆ ಇಣುಕಿದ ಹೂವು ಎಲ್ಲರದೂ. ಒಳಗಿನದು ಕೈಗೆ ಎಟುಕಿದರೆ ಅದೂ ಹಾಗೆಯೇ. ದೇವರಿಗೆ ಎಂದ ಮೇಲೆ ಯಾರೂ ಅದನ್ನು ಕಳವು ಅನ್ನುವುದಿಲ್ಲ. ಧನುರ್ಮಾಸ ಬಂದರೆ ಮುಗಿಯಿತು, ನಸುಕಿನ ಪೂಜೆಗೆಂದು ಬೆಳಕಾಗುವ ಮುಂಚೆಯೇ ಬೀದಿಯ ಗಿಡಗಳೆಲ್ಲ ಬೋಳು. ಅದಕ್ಕೇ ನಾನು ದೇವರಿಗೆ ಬೇಡದ ಹೂವುಗಳನ್ನೇ ಆರಿಸಿದೆ. ಮಾವಳ್ಳಿ ಕಡೆಯ ನರ್ಸರಿಯಲ್ಲಿ ಮಧುರಾ ಒಂದೊಂದನ್ನೂ ಮೂಗಿಗೆ ಹಿಡಿದು, "ವಾಸನೆ ಇಲ್ಲ, ಇದು ಓಕೆ," ಎಂದು ಪಾಸು ಮಾಡಿದಳು. ನೇರಳೆ ಪೆಟೂನಿಯಾ, ಕೆಂಪು ತೆನೆಯ ಸಾಲ್ವಿಯಾ, ಡಿಸೆಂಬರಿನಲ್ಲಿ ಎಲೆಯೇ ಹೂವಿನ ಹಾಗೆ ಕೆಂಪಾಗುವ ಪಾಯಿನ್ಸೆಟಿಯಾ. ಹೆಸರು ಹೇಳಲು ಅಜ್ಜಿಯರ ನಾಲಿಗೆ ಹೊರಳದ ಸೀಮೆ ಹೂವುಗಳು.

ಒಂದೇ ಒಂದರಲ್ಲಿ ಸೋತೆ. ವಾದಿರಾಜರಿಗೆ ಹಳದಿ ಸೇವಂತಿಗೆಯೇ ಬೇಕಾಗಿತ್ತು.

"ಉಳಿದಿದ್ದೆಲ್ಲ ಕನ್ನಡಕ ಹಾಕ್ಕೊಂಡು ನೋಡ್ಬೇಕು. ಕನ್ನಡಕ ಹಾಕಿದ್ರೆ ಮೂಗು ನೋಯತ್ತೆ. ಹಳದಿ ಆದ್ರೆ ಹಾಗೇ ಕಾಣತ್ತೆ," ಅಂದರು.

ಮೊಗ್ಗು ಹಿಡಿದ ಕುಂಡಗಳನ್ನೇ ತಂದು, ಕಾಂಪೌಂಡಿನಿಂದ ದೂರ, ಕಿಟಕಿಯ ಕಟ್ಟೆಗೆ ತಾಗಿಸಿ ಇಟ್ಟೆ. ಯಾರೂ ಕೈ ಚಾಚಿ ಕೊಯ್ಯುವಂತಿರಲಿಲ್ಲ. ಗೇಟಿಗೆ ಬೀಗ ಹಾಕುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೆ. ಯಾವ ಹೊತ್ತಿನಲ್ಲಿ ಆಂಬುಲೆನ್ಸ್ ಬೇಕಾಗುತ್ತದೋ, ಆಗ ಬೀಗದ ಕೈ ಹುಡುಕುವಂತಾಗಬಾರದು ಎಂದು.

ಕೆಲವು ದಿನ ನಿಜವಾಗಿ ಚೆನ್ನಾಗಿತ್ತು. ಬೆಳಿಗ್ಗೆ ಪರದೆ ಸರಿಸಿದರೆ ಮಂಜು ಇನ್ನೂ ವೈರಿನ ಮೇಲೆ ಹನಿಯಾಗಿ ಕೂತಿರುತ್ತಿತ್ತು, ಅದರ ಕೆಳಗೆ ನೇರಳೆ, ಕೆಂಪು. ಇವರು ಕಾಫಿಯ ವಾಸನೆ ಮಾತ್ರ ನೋಡಿ ಲೋಟ ವಾಪಸ್ ಕೊಟ್ಟು ಹೊರಗೆ ನೋಡುತ್ತಿದ್ದರು. ಬಾಡಿದ್ದು ಒಂದೂ ಅವರ ಕಣ್ಣಿಗೆ ಬೀಳಬಾರದೆಂದು ನಾನು ಪಣ ತೊಟ್ಟ ಹಾಗೆ ದುಡಿದೆ. ಎಲೆ ಹಳದಿಗೆ ತಿರುಗಿದ ಕುಂಡವನ್ನು ಅವರು ಏಳುವ ಮುಂಚೆ ಪಕ್ಕದ ಸಂದಿಗೆ ಸಾಗಿಸಿ, ಅಲ್ಲಿ ಬೆಳೆಸಿಟ್ಟ ಇನ್ನೊಂದನ್ನು ಅದೇ ಜಾಗದಲ್ಲಿ ಕೂರಿಸುತ್ತಿದ್ದೆ. ಅವರಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ.

"ನಿಮ್ಮಮ್ಮ ಗಿಡಗಳಿಗೂ ಶಿಫ್ಟ್ ಹಾಕಿದಾಳೆ ನೋಡು," ಎಂದು ಮಗಳಿಗೆ ಹೇಳಿದರು ಒಂದು ದಿನ. "ನಿನ್ನೆ ಇದ್ದ ಆ ನೇರಳೆ ಮೇಡಮ್ಮು ಸುಸ್ತಾಗಿದ್ರು. ಇವತ್ತು ಅವ್ರ ತಂಗಿ ಬಂದಿದಾರೆ."

ಸಂದಿಯಲ್ಲಿ ಬಾಡುತ್ತಿದ್ದವನ್ನು ಅವರು ನೋಡಿರಲಿಲ್ಲ. ಮಧುರಾ ತೋಟ, ಸಂದಿ ಎರಡನ್ನೂ ನೋಡುತ್ತಿದ್ದಳು. ಒಂದು ಸಂಜೆ ಬಟ್ಟೆ ತೆಗೆಯಲು ಸಂದಿಗೆ ಹೋದರೆ ಅವಳು ಅಲ್ಲಿ ಕುಕ್ಕರಗಾಲಲ್ಲಿ ಕೂತು, ಒಣಗಿದ ಕುಂಡಗಳಿಗೆ ತನ್ನ ವಾಟರ್ ಬಾಟಲಿನಿಂದ ನೀರು ಹಾಕುತ್ತಿದ್ದಳು.

"ನೀರು ಹಾಕಿದ್ರೆ ವಾಪಸ್ ಬರ್ತಾವಾ?"

"ಕೆಲವು ಬರ್ತವೆ. ಇವು ಬರಲ್ಲ, ಪುಟ್ಟಾ. ಇವುಗಳದು ಇಷ್ಟೇ."

"ಇಷ್ಟೇ ಅಂದ್ರೆ?"

ಬಟ್ಟೆಗಳನ್ನು ಎದೆಗೆ ಅವಚಿಕೊಂಡು ಅವಳ ಪಕ್ಕ ಕೂತೆ. ಬರಲಿ ಅಂದುಕೊಂಡೆ. ಒಳಗೆ ಅವರು ಎಚ್ಚರವಾಗಿದ್ದರು, ಈಗಲೇ ಕೈ ಹಿಡಿದು ಕರೆದುಕೊಂಡು ಹೋಗಬಹುದು. ಅವಳು ಕೊನೆಯ ಹನಿಯವರೆಗೂ ನೀರು ಬಸಿದು, ಮುಚ್ಚಳ ತಿರುಗಿಸಿದಳು.

"ನಾಳೆ ಕ್ರಾಫ್ಟಿಗೆ ಫೆವಿಕಾಲ್ ತಗೊಂಡು ಹೋಗ್ಬೇಕು," ಅಂದಳು.

ಧನುರ್ಮಾಸ ಶುರುವಾಗಿ, ಶಾಲೆಗೆ ಕ್ರಿಸ್‌ಮಸ್ ರಜ ಬಂತು. ಸೇವಂತಿಗೆಯ ಮೊಗ್ಗುಗಳು ಹಸಿರು ಗುಂಡಿಯ ಹಾಗಿದ್ದವು, ಮೆಲ್ಲಗೆ ತುದಿಯಲ್ಲಿ ಹಳದಿ ಇಣುಕಿತು. ಇವರು ಅದನ್ನೇ ಕಾಯತೊಡಗಿದರು. ಆ ದಿನಗಳಲ್ಲಿ ನೋವು ಮಾತ್ರೆಯನ್ನು ಮೀರತೊಡಗಿತ್ತು. ನೋವಿನ ನಡುವೆ ಹಲ್ಲು ಕಚ್ಚಿಕೊಂಡು, "ಎಷ್ಟು ಬಿರಿದಿದೆ?" ಎಂದು ಕೇಳುತ್ತಿದ್ದರು. "ಮುಕ್ಕಾಲು," ಅನ್ನುತ್ತಿದ್ದೆ. ನಾಳೆಗೆ ಪೂರ್ತಿ ಅರಳುತ್ತದೆ ಎಂದು ಹೇಳಿ ಮಲಗಿಸಿದ ಮರುಬೆಳಿಗ್ಗೆ ಪರದೆ ಸರಿಸಿದೆ.

ಕುಂಡಗಳಲ್ಲಿ ಬರೀ ಎಲೆ, ಚಿವುಟಿದ ತೊಟ್ಟು. ಒಂದು ಹೂವೂ ಇರಲಿಲ್ಲ. ಅರೆಬಿರಿದವೂ ಹೋಗಿದ್ದವು.

"ದೇವರಿಗೂ ಕನ್ನಡಕ ಹಾಕಿದ್ರೆ ಮೂಗು ನೋಯತ್ತೆ ಅಂತ ಕಾಣತ್ತೆ, ಹಳದೀನೇ ಬೇಕಾಗಿದೆ," ಅಂದು ಇವರು ಗೋಡೆಯ ಕಡೆ ಹೊರಳಿದರು. ಹೊರಳಲು ನಾನು ಕೈ ಕೊಡಬೇಕಾಯಿತು.

ತಿಂಡಿಯ ಹೊತ್ತಿಗೆ ಶೈಲಜಮ್ಮ ಬಂದರು. ಹಿಂದಿನ ರಸ್ತೆಯವರು, ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತರಾದವರು. ಮೂರನೇ ಕ್ಲಾಸಿನಲ್ಲಿ ಇವರಿಗೆ ಮಗ್ಗಿ ಕಲಿಸಿದ್ದರು. ಕೈಯಲ್ಲಿ ಮಠದ ಪ್ರಸಾದದ ಪೊಟ್ಟಣ.

"ವಾದಿ, ನಿನ್ನ ಹೆಸರಲ್ಲಿ ಇವತ್ತು ಪಂಚಾಮೃತ ಮಾಡ್ಸಿದೆ ಕಣೋ. ತೀರ್ಥ ತಗೋ."

"ಮಿಸ್, ಹೋಂವರ್ಕ್ ಮಾಡಿಲ್ಲ ಇವತ್ತು," ಅಂದರು ಇವರು, ಕಣ್ಣು ಅರ್ಧ ತೆರೆದು.

"ಮಾಡಿದ್ದಿದ್ಯಾ ಯಾವತ್ತಾದ್ರೂ? ಬಾಯಿ ತೆಗಿ."

ತುಟಿಗೆ ತೀರ್ಥ ತಾಗಿಸಿ, ಪೊಟ್ಟಣದಿಂದ ಹೂವು ತೆಗೆದು ದಿಂಬಿನ ಪಕ್ಕ ಇಟ್ಟರು. ಹಳದಿ ಸೇವಂತಿಗೆ. ಹಾಲು ಮೊಸರಿನಲ್ಲಿ ನೆನೆದು ಎಸಳು ಮುದುಡಿತ್ತು. ಇವರು ಅದನ್ನು ನೋಡಿ ನನ್ನನ್ನು ನೋಡಿದರು. ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದರು.

ಆದರೂ ನಾನು ಹಜಾರದಲ್ಲಿ ಅವರನ್ನು ನಿಲ್ಲಿಸಿದೆ. "ಶೈಲಜಮ್ಮ, ಆ ಹೂವು ನಮ್ಮ ಕುಂಡದ್ದಾ?"

"ಹ್ಞೂ ಕಣೇ, ಆರಾಧನಾ. ಗೇಟು ತೆಗ್ದೇ ಇತ್ತು, ಎಬ್ಬಿಸೋದ್ಯಾಕೆ ಅಂತ ನಾನೇ ಕೊಯ್ಕೊಂಡೆ. ಬೇರೆಯೋರ ಮನೆ ಹೂವು ಅವನ ಹೆಸರಿಗೆ ಏರ್ಸೋದಕ್ಕಿಂತ ಅವನ ಮನೇದೇ ಆದ್ರೆ ಫಲ ಜಾಸ್ತಿ."

"ಅವ್ರು ನೋಡ್ಲಿ ಅಂತ ಇಟ್ಟಿದ್ದೆ. ಎಷ್ಟೋ ದಿನದಿಂದ ಕಾಯ್ತಿದ್ರು."

ಶೈಲಜಮ್ಮ ನನ್ನನ್ನು ಮೂರನೇ ಕ್ಲಾಸಿನ ದಡ್ಡ ಮಗುವನ್ನು ನೋಡುವ ಹಾಗೆ ನೋಡಿದರು. ಕೋಪ ಇರಲಿಲ್ಲ, ಕನಿಕರ ಇತ್ತು.

"ನೋಡೋದಿರ್ಲಿ, ಮೊದ್ಲು ಉಳೀಬೇಕಲ್ಲಮ್ಮ. ಉಳಿದ್ರೆ ವರ್ಷಾ ವರ್ಷಾ ನೋಡ್ತಾನೆ. ಗಿಡದಲ್ಲಿಟ್ಟು ಏನು ಮಾಡ್ತೀಯಾ? ಕೊಟ್ಟು ಕೇಳ್ಬೇಕು ಕಣೇ. ಕೊಡ್ದೇ ಯಾರು ಕೊಡ್ತಾರೆ?"

ಸೆರಗಿನಿಂದ ಮೂಗು ಒರೆಸಿಕೊಂಡು ಚಪ್ಪಲಿ ಮೆಟ್ಟಿದರು. ಬಯ್ಯಲು ನನಗೆ ಬಾಯಿ ಬರಲಿಲ್ಲ. ನಾನು ಆ ಹೊತ್ತಿಗೆ ಚಳಿಗಾಲದಾಚೆಗೆ ಯೋಚಿಸುವುದನ್ನು ಬಿಟ್ಟಿದ್ದೆ, ಇವರೂ ಬಿಟ್ಟಿದ್ದರು. ನಮ್ಮ ಮನೆಯೊಳಗೆ ಕಾಲಿಡುವವರಲ್ಲಿ, ವಾದಿರಾಜ ಬದುಕುತ್ತಾನೆ ಎಂದು ನಂಬಿದ್ದವರು ಆ ಮುದುಕಿ ಒಬ್ಬರೇ.

ತಿರುಗಿದರೆ ಅಡುಗೆಮನೆಯ ಬಾಗಿಲ ಹಿಂದೆ ಮಧುರಾಳ ಕಾಲುಗಳು ಕಂಡವು. ಹೋಗಿ ನೋಡಿದೆ. ದೋಸೆಯ ತಟ್ಟೆ ಹಿಡಿದು ನಿಂತಿದ್ದಳು, ತಿಂದಿರಲಿಲ್ಲ.

"ಇನ್ನೊಂದು ಹಾಕ್ಲಾ?"

"ಬೇಡ."

"ಏನಾದ್ರೂ ಕೇಳ್ಬೇಕಾ, ಮಧು?"

ಅವಳು ತಟ್ಟೆಯನ್ನು ನೋಡಿದಳು. ತುಟಿ ಅಲುಗಿತು. ಆಗ ಒಳಗೆ ಲೋಟಕ್ಕೆ ಚಮಚ ಬಡಿದ ಸದ್ದಾಯಿತು, ಒಂದರ ಮೇಲೊಂದು, ನಿಲ್ಲದೆ. ನೋವು ಬಂದಾಗ ಹಾಗೆ ಬಡಿಯುತ್ತಿದ್ದರು. ನಾನು ಓಡಿದೆ.

ಆಮೇಲಿನ ದಿನಗಳು ಒಂದರಂತೆ ಒಂದು. ಮನೆಗೆ ಬಂದು ಇಂಜೆಕ್ಷನ್ ಕೊಡುವ ನರ್ಸನ್ನು ಗೊತ್ತು ಮಾಡಿದೆವು. ಇವರು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಿದ್ದರು. ಎಚ್ಚರವಾದಾಗ ತಮಾಷೆ ಮಾಡಲು ಹೊರಟು, ಅರ್ಧಕ್ಕೆ ಮಾತು ಎಲ್ಲಿಗೆ ಹೋಗಬೇಕಿತ್ತೆಂದು ಮರೆತು ನಮ್ಮ ಮುಖ ನೋಡುತ್ತಿದ್ದರು. ಬೆನ್ನಿನಲ್ಲಿ ಹುಣ್ಣು ಎದ್ದಿತು. ಕೈ ಎಷ್ಟು ಹಗುರವಾಯಿತೆಂದರೆ, ಎತ್ತಿ ಒರೆಸುವಾಗ ನನ್ನ ಕೈಯ ಬಲ ಎಲ್ಲಿ ಹೆಚ್ಚಾಗಿಬಿಡುತ್ತದೋ ಎಂದು ಹೆದರಿಕೆಯಾಗುತ್ತಿತ್ತು.

ತೋಟ ಮಾತ್ರ ಆಗಲೇ ತನ್ನ ತುದಿ ಮುಟ್ಟಿದ್ದು. ಪಾಯಿನ್ಸೆಟಿಯಾ ಪೂರ್ತಿ ಕೆಂಪಾಗಿತ್ತು. ಸಾಲ್ವಿಯಾ ಹಲಗೆಯ ಉದ್ದಕ್ಕೂ ನಿಂತಿತ್ತು, ಪೆಟೂನಿಯಾ ಕುಂಡದ ಅಂಚು ದಾಟಿ ಸುರಿಯುತ್ತಿತ್ತು. ರಸ್ತೆಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ನೋಡಿ, ಚೆನ್ನಾಗಿ ಬೆಳೆಸಿದೀರಿ ಅನ್ನುತ್ತಿದ್ದರು. ಅವರಿಗೆ ಉತ್ತರ ಕೊಡಲು ನಾನು ತಲೆ ಆಡಿಸುತ್ತಿದ್ದೆ. ಕಿಟಕಿಯ ಈಚೆ ಎಷ್ಟು ಕೆಟ್ಟಿತ್ತೋ ಆಚೆ ಅಷ್ಟು ಚೆನ್ನಾಗಿತ್ತು. ಕೆಲವು ದಿನ ಬೆಳಿಗ್ಗೆ ಅದರ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನ ಇತ್ತು. ಶಾಲೆ ಮತ್ತೆ ಶುರುವಾಗಿತ್ತು. ಬೆಳಿಗ್ಗೆ ಮಗಳಿಗೆ ಯೂನಿಫಾರಂ ಹಾಕಿಸಿ, ಹಾಲು ಕುಡಿ ಎಂದು ಹೇಳಿ, ನಾನು ಪರದೆ ಎಳೆದುಕೊಂಡು ಇವರ ಮೈ ಒರೆಸಲು ಕೂತೆ. ಬಿಸಿನೀರಿನ ಬೋಗುಣಿ, ಎರಡು ಹಳೆಯ ಪಂಚೆಯ ತುಂಡು. ಆ ದಿನ ಅವರಿಗೆ ಎಂದಿಗಿಂತ ಎಚ್ಚರ ಹೆಚ್ಚಿತ್ತು.

"ಕೇಳಿದ್ಲಾ?" ಅಂದರು. ಯಾರು, ಏನು ಎಂದು ಹೇಳಬೇಕಾಗಿರಲಿಲ್ಲ.

"ಇಲ್ಲ."

"ಅವಳು ಕೇಳ್ದೇ ಇರೋ ಹಂಗೆ ನೀನೇ ಮಾಡ್ತಿದ್ದೀಯಾ?"

"ಇಲ್ಲಾರೀ. ಬಾಯಿವರ್ಗೂ ಬರತ್ತೆ, ನುಂಗ್ಬಿಡ್ತಾಳೆ."

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ನನಗೆ ಹೇಳೋಕೆ ಇನ್ನು ಜಾಸ್ತಿ ದಿನ ಬಾಯಿ ಇರಲ್ಲ, ಆರಾಧನಾ. ಬೇಗ ಕೇಳ್ಬಾರ್ದಾ ಅವಳು. ನಿನ್ನೆ ರೂಮಿಗೆ ಬಂದು, ನನ್ನ ಕಾಲು ಬೆರಳು ಮುಟ್ಟಿ ಮುಟ್ಟಿ ನೋಡಿ ಹೋದ್ಲು. ನಾನು ನಿದ್ದೆ ಮಾಡ್ತಿದೀನಿ ಅನ್ಕೊಂಡಿದ್ಲು."

ಬೆನ್ನು ಒರೆಸಿ, ಪೌಡರು ಹಾಕಿ, ಅಂಗಿ ತೊಡಿಸಿ, ತಲೆಯ ಕಡೆ ಮಂಚವನ್ನು ಎತ್ತರಿಸಿದೆ. "ತೋಟ ತೋರ್ಸು," ಅಂದರು. ಎದ್ದು ಪರದೆ ಸರಿಸಿದೆ.

ಹೂವು ಒಂದೂ ಇರಲಿಲ್ಲ.

ಹಲಗೆಯ ಮೇಲೆ ಕುಂಡಗಳು ಇದ್ದ ಹಾಗೇ ಇದ್ದವು, ಅವುಗಳಲ್ಲಿ ಬರೀ ಹಸಿರು. ಸಾಲ್ವಿಯಾದ ಕೆಂಪು ತೆನೆಗಳು ಬುಡದವರೆಗೆ ಸವರಿ ಹೋಗಿದ್ದವು. ಪಾಯಿನ್ಸೆಟಿಯಾದ ಒಂದೊಂದು ಕೆಂಪೆಲೆಯನ್ನೂ ಕಿತ್ತ ಜಾಗದಲ್ಲಿ ಬಿಳಿ ಹಾಲು ಹನಿಯಾಗಿ ನಿಂತಿತ್ತು, ಕೆಳಗಿನ ಎಲೆಗೆ ಇಳಿಯುತ್ತಿತ್ತು. ಅದರ ನಡುವೆ ಮಧುರಾ ನಿಂತಿದ್ದಳು. ಶಾಲೆಯ ನೀಲಿ ಸ್ವೆಟರು, ತೋಳಿನಲ್ಲಿ ದೇವರ ಮನೆಯ ಹೂಬುಟ್ಟಿ. ಬುಟ್ಟಿ ತುಂಬಿ ತುಳುಕುತ್ತಿತ್ತು. ಬೆರಳೆಲ್ಲ ಹಾಲು ಅಂಟಿ, ಅದಕ್ಕೆ ನೇರಳೆ ಎಸಳು ಮೆತ್ತಿಕೊಂಡಿದ್ದವು.

"ಕಣ್ಣಿಗೆ ಕೈ ಮುಟ್ಟಿಸ್ಬೇಡ, ಮಧು," ಅಂದೆ. ಮೊದಲು ಬಾಯಿಗೆ ಬಂದದ್ದು ಅದು. "ಆ ಹಾಲು ತಾಗಿದ್ರೆ ಉರಿ ಬರತ್ತೆ."

ಅವಳು ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡಳು.

"ಇದು ದೇವರಿಗೆ ಆಗಲ್ಲ ಅಂತ ನಂಗೆ ಗೊತ್ತು," ಅಂದಳು. "ವಾಸನೆ ಇಲ್ಲ. ಆದ್ರೆ ನಮ್ಮನೇಲಿ ಬೇರೆ ಇರ್ಲಿಲ್ಲ. ಶೈಲಜಜ್ಜಿ ಒಂದೇ ಸಲ ಕೊಟ್ಟಿದ್ದಕ್ಕೆ ಅಪ್ಪಂಗೆ ಏನೂ ಆಗ್ಲಿಲ್ಲ, ಜಾಸ್ತಿನೇ ನೋವಾಯ್ತು. ಅದಕ್ಕೇ ಎಲ್ಲಾ ಕಿತ್ತೆ. ಒಂದೂ ಇಟ್ಕೊಂಡಿಲ್ಲ ನೋಡು."

ಹಿಂದಿನಿಂದ ಲೋಟದ ಸದ್ದು ಬರಲಿಲ್ಲ. ತಿರುಗಿ ನೋಡಿದೆ. ಅವರು ಬೋಳಾದ ತೋಟವನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದರು. ಹೊದಿಕೆಯ ಮೇಲಿದ್ದ ಕೈಯನ್ನು ಒಂದಿಷ್ಟು ಎತ್ತಿ ಹತ್ತಿರ ಬಾ ಎಂದು ಬೆರಳು ಮಡಿಸಿದರು. ಆಮೇಲೆ ನನಗೆ ಮಂಚದ ಪಕ್ಕ ಜಾಗ ತೋರಿಸಿದರು. ನಾನು ಹೋಗಿ ಅವರ ಪಕ್ಕ ಕೂತು ಆ ಕೈ ಹಿಡಿದುಕೊಂಡೆ.

ಮಧುರಾ ಕುಂಡಗಳನ್ನು ದಾಟಿ ಕಿಟಕಿಯ ಹತ್ತಿರ ಬಂದಳು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು. ಸರಳು ಹಿಡಿಯಲು ಹೋಗಿ, ಕೈ ಅಂಟೆಂದು ನೆನಪಾಗಿ, ಹಣೆಯನ್ನು ಮಾತ್ರ ಸರಳಿಗೆ ಆನಿಸಿದಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಈ ಸಲ ಕಣ್ಣು ತಗ್ಗಿಸಲಿಲ್ಲ.

"ಎಲ್ಲಾ ಕೊಟ್ರೂ ಅಪ್ಪ ಸತ್ತೋಗ್ತಾರಾ, ಅಮ್ಮ?"